ಹದಿನಾಲ್ಕು ಮೀಟರ್ ಬ್ಯಾನರ್ ಬಗ್ಗೆ ಲೊರೇದಾನಾ ಹೇಳಿದ್ದು

ನಾನು, ಲೊರೇದಾನಾ ಪಿಯೆರಾಂತೊನಿ, ತಂದೆ ದಿವಂಗತ ಸೆರಾಫೀನೊ, ವಯಸ್ಸು 52 ವರ್ಷ, ವೃತ್ತಿ ಅಂಗಡಿಗಳ ಬಿಸಿಲುಮರೆ ಹಾಗೂ ಕಡಲತೀರದ ಕೊಡೆಗಳ ಕ್ಯಾನ್ವಾಸ್ ಹೊಲಿಗೆ, ವಾಸ ವಿಯಾ ದೆಲ್ಲೆ ರೇತಿ 27, ಪೋರ್ತೊ ಸಾನ್ ವಿಚೀನೊ, ಇಂದು ದಿನಾಂಕ 19-11-2019ರ ಮಂಗಳವಾರ ಬೆಳಿಗ್ಗೆ 11:20ಕ್ಕೆ ಠಾಣೆಗೆ ಹಾಜರಾಗಿ ಈ ಮೂಲಕ ತಿಳಿಸುವುದೇನೆಂದರೆ:

ನಝರೇನೊ ಬಾಲ್ಡೊನಿ, 55 ವರ್ಷ, ಮೀನು ಬಂದರಿನ ಐಸ್ ಕಾರ್ಖಾನೆಯ ನೌಕರ, ನನ್ನ ಗಂಡ. ಮದುವೆಯಾಗಿ 27 ವರ್ಷ ಆಗಿದೆ. ಮಕ್ಕಳಿಲ್ಲ. ಊರಿನ ಫುಟ್‌ಬಾಲ್ ತಂಡದ ಬೆಂಬಲಿಗರು 'ಗರ್ಬೀನೊ' ಎಂಬ ಗುಂಪು ಕಟ್ಟಿಕೊಂಡಿದ್ದಾರೆ. 1994ರಿಂದ ಅದಕ್ಕೆ ಅವನೇ ಮುಖಂಡ. ಗರ್ಬೀನೊ ಎಂದರೆ ಗುಡ್ಡದ ಕಡೆಯಿಂದ ಬೀಸಿ ಜನರ ತಲೆ ಕೆಡಿಸುವ ಬಿಸಿಗಾಳಿ. ಹೆಸರಿಟ್ಟವರು ತಮ್ಮನ್ನು ತಾವು ಚೆನ್ನಾಗಿ ಬಲ್ಲವರು. ಮುಖಂಡನಾದವನು ಗ್ಯಾಲರಿಯ ಕಂಬಿ ಹತ್ತಿ, ಮೈದಾನಕ್ಕೆ ಬೆನ್ನು ಹಾಕಿ ನಿಂತು, ತೊಂಬತ್ತು ನಿಮಿಷ ಜನರಿಂದ ಕೂಗಿಸಬೇಕು. ತಾನು ಒಂದು ಸಾಲು ಹೇಳಿ, 'ಕೇಳಿಸ್ತಾ?' ಎಂದು ಕೇಳಿ, ಮತ್ತೆ ಹೇಳಿಸಬೇಕು. ತಂಡಕ್ಕಾಗಿ ಗಂಟಲು ಹರಿದುಕೊಂಡ ನನ್ನ ಗಂಡ ಒಂದು ಗೋಲನ್ನಾದರೂ ಕಣ್ಣಾರೆ ನೋಡಿರುವುದು ಅನುಮಾನ.

2018ರ ಮಾರ್ಚ್‌ನಿಂದ ಅವನಿಗೆ ಐದು ವರ್ಷ ಕ್ರೀಡಾಂಗಣ ಪ್ರವೇಶ ನಿಷೇಧವಿದೆ. ಊರಿನಲ್ಲಿ ಪಂದ್ಯ ನಡೆಯುವ ದಿನ ಪ್ರತಿ ಅರ್ಧದ ಹದಿನೈದನೇ ನಿಮಿಷಕ್ಕೆ ಇದೇ ಠಾಣೆಗೆ ಬಂದು ನಿಮ್ಮ ಪುಸ್ತಕದಲ್ಲಿ ಸಹಿ ಹಾಕಬೇಕು. ಹಾಕುತ್ತಿದ್ದಾನೆ. ಒಂದು ಸಲವೂ ತಪ್ಪಿಸಿಲ್ಲ.

ಜನ ಆಡಿದ ಮಾತುಗಳನ್ನು ಆಡಿದ ಹಾಗೆಯೇ ಬರೆಯಬೇಕು, ತಿದ್ದಬಾರದು ಎಂದು ಬರೆದುಕೊಳ್ಳುವವರನ್ನು ಕೇಳಿಕೊಂಡಿದ್ದೇನೆ.

ದಿನಾಂಕ 14ರ ಗುರುವಾರ ಸಂಜೆ 6:10ಕ್ಕೆ ಗಂಡನು ಮನೆಯಿಂದ ಅರವತ್ತು ಮೀಟರ್ ದೂರದ ನನ್ನ ಹೊಲಿಗೆ ಅಂಗಡಿಗೆ ಎರಡು ಚೀಲ ಹೊತ್ತು ಬಂದನು. ಅದರಲ್ಲಿ ಹದಿನಾರು ಕಪ್ಪು ಜಾಕೆಟ್‌ಗಳಿದ್ದವು. "ಇವಕ್ಕೆ ಒಳಗಡೆ ಒಂದೊಂದು ಜೇಬು ಹಾಕ್ಕೊಡು ಲೋರಿ. ಉದ್ದ ನಲವತ್ತೈದು ಸೆಂಟಿಮೀಟ್ರು, ಅಗಲ ಆರು" ಎಂದನು. ಏನಿಡಲು ಎಂದು ಕೇಳಿ, "ಕೊಳಲಾ?" ಎಂದೆ. "ಹೂಂ, ಕೊಳಲೇ. ಭಾನುವಾರ ವಾದ್ಯಗೋಷ್ಠಿ ಇದೆ" ಎಂದನು. "ಹದಿನಾರು ಜನ ಊದೋರಾ? ನಿಮ್ಮಲ್ಲಿ ಒಬ್ಬನಿಗಾದ್ರೂ ಶ್ರುತಿ ಅಂದ್ರೇನು ಗೊತ್ತಾ?" ಎಂದೆ. "ನೀನು ಹೊಲಿ, ಶ್ರುತಿ ನಾವು ಹಿಡೀತೀವಿ" ಎಂದು ನಕ್ಕು ಹೋದನು. ಭಾನುವಾರ ನಮ್ಮೂರಿನ ಮೈದಾನದಲ್ಲಿ ಕಾಸ್ತೆಲ್ ಮೊರೇನೊ ತಂಡದೊಂದಿಗೆ ಪಂದ್ಯವಿತ್ತು. ಆ ಊರು 41 ಕಿಲೋಮೀಟರ್ ದೂರ. ಎರಡು ಊರಿನವರಿಗೂ ನನ್ನ ಅಜ್ಜನ ಕಾಲದಿಂದ ಎಣ್ಣೆ ಸೀಗೆಕಾಯಿ.

ಹದಿನೈದರ ಶುಕ್ರವಾರ ನಾನು ಹನ್ನೆರಡು ಜಾಕೆಟ್‌ಗೆ ಜೇಬು ಹೊಲಿದೆ. ಇದನ್ನು ಮುಚ್ಚಿಡುವುದಿಲ್ಲ. ಸುತ್ತಿಗೆಯ ಹಿಡಿ ನಲವತ್ತು ಸೆಂಟಿಮೀಟರ್ ಇರುತ್ತದೆ, ನನ್ನ ಅಂಗಡಿಯಲ್ಲೇ ಒಂದಿದೆ, ತೆಗೆದು ಇಟ್ಟು ನೋಡಿದೆ, ಸರಿಯಾಗಿ ಕೂತಿತು. ಹದಿಮೂರನೆಯದನ್ನು ಯಂತ್ರಕ್ಕೆ ಕೊಡಲು ಕೈ ಬರಲಿಲ್ಲ.

ಆಗಲೇ ನಮಗೆ ಫೋನ್ ಮಾಡಬಹುದಿತ್ತಲ್ಲ ಎಂದು ನೀವು ಕೇಳಿದ್ದೀರಿ. ಒಮ್ಮೆ ಮಾಡಿದ್ದೇನೆ. 2018ರ ಮಾರ್ಚ್‌ನಲ್ಲಿ ಹೆಸರು ಹೇಳದೆ, ರೈಲು ನಿಲ್ದಾಣದ ಹಿಂದೆ ಹೊಡೆದಾಟ ಆಗಲಿದೆ ಎಂದು ತಿಳಿಸಿದವಳು ನಾನೇ. ನೀವು ಬಂದಿರಿ, ಹದಿನೇಳು ಜನರಿಗೆ ನಿಷೇಧ ಹಾಕಿದಿರಿ, ಅವರಲ್ಲಿ ಒಬ್ಬ ನನ್ನ ಗಂಡ. ಇದು ಅವನಿಗೆ ಇಂದಿನವರೆಗೂ ಗೊತ್ತಿಲ್ಲ. ಆದರೆ ಹೊಡೆದಾಟ ನಿಂತಿತೇ? ಗೇಟು ಎತ್ತರ ಮಾಡಿದಿರಿ, ಟಿಕೆಟ್ ಮೇಲೆ ಹೆಸರು ಬರೆಸಿದಿರಿ, ಕ್ಯಾಮೆರಾ ಇಟ್ಟಿರಿ. ಜಗಳ ಗ್ಯಾಲರಿಯಿಂದ ಎದ್ದು ಪೆಟ್ರೋಲ್ ಬಂಕಿಗೆ ಹೋಯಿತು. ಇಲಿ ಬಿಲ ಬದಲಾಯಿಸಿತು, ಅಷ್ಟೆ. ಆದ್ದರಿಂದ ಈ ಸಲ ನಿಮ್ಮ ಕಾನೂನು ಬೇಡ, ಅವರದೇ ಕಾನೂನಿನಿಂದ ಅವರನ್ನು ನಿಲ್ಲಿಸುತ್ತೇನೆ ಎಂದುಕೊಂಡೆ.

ಅವರ ಕಾನೂನು ಹೀಗಿದೆ. ಪ್ರತಿ ಗುಂಪಿಗೂ ಒಂದು ಬ್ಯಾನರ್. ಗರ್ಬೀನೊದ್ದು ಹದಿನಾಲ್ಕು ಮೀಟರ್ ಉದ್ದ, ಒಂದು ಮೀಟರ್ ಇಪ್ಪತ್ತು ಅಗಲ, ಹಗ್ಗ ಸೇರಿ ಹನ್ನೊಂದು ಕಿಲೋ. 1991ರ ಬೇಸಿಗೆಯಲ್ಲಿ ನಾನೇ ಹೊಲಿದದ್ದು. ನಝರೇನೊನ ಪರಿಚಯವಾದದ್ದೇ ಅದರ ಅಳತೆ ಹೇಳಲು ಅವನು ಬಂದಾಗ. ಆ ಬ್ಯಾನರ್ ವೈರಿಗಳ ಕೈಸೇರಿದರೆ ಗುಂಪು ಅಂದೇ ವಿಸರ್ಜನೆ. ಹೊಸದನ್ನು ಹೊಲಿಸುವಂತಿಲ್ಲ, ಹೆಸರು ಮತ್ತೆ ಎತ್ತುವಂತಿಲ್ಲ. 2004ರಲ್ಲಿ ಮುನ್ನೂರು ಜನರ ಒಂದು ಗುಂಪು ಹೀಗೆ ಸಂಜೆಯೊಳಗೆ ಬಾಗಿಲು ಹಾಕಿತು. ಯಾವ ನ್ಯಾಯಾಧೀಶರ ಆದೇಶವೂ ಬೇಕಾಗಲಿಲ್ಲ. ಅದಕ್ಕೇ ಬ್ಯಾನರನ್ನು ಒಂಟಿಯಾಗಿ ಬಿಡುವುದಿಲ್ಲ. ಚೀಟಿ ಎತ್ತಿ ವಾರಕ್ಕೊಬ್ಬರ ಮನೆಯಲ್ಲಿ ಇಡುತ್ತಾರೆ. ಯಾರ ಮನೆ ಎಂಬುದು ಮುಖಂಡನಿಗೆ ಮತ್ತು ಇಟ್ಟುಕೊಂಡವನಿಗೆ ಮಾತ್ರ ಗೊತ್ತಿರಬೇಕು.

ಆ ವಾರದ ಸರದಿ ಎಲ್ಪೀದಿಯೊ ಸ್ಕಾರ್ಪೋನಿಯದು. 66 ವರ್ಷ, ಮೊದಲು ಕ್ಷೌರಿಕನಾಗಿದ್ದ, ಒಂಟಿ ಮನುಷ್ಯ, ನಮ್ಮ ಬೀದಿಯಿಂದ ಎರಡನೇ ಬೀದಿ. ನನಗೆ ಹೇಗೆ ಗೊತ್ತಾಯಿತು ಎಂದರೆ, ಬ್ಯಾನರ್ ತನ್ನಲ್ಲಿರುವ ವಾರ ಮಾತ್ರ ಅವನು ದಿನಾ ಗಡ್ಡ ಬೋಳಿಸಿ ಎದೆ ಉಬ್ಬಿಸಿಕೊಂಡು ನಡೆಯುತ್ತಾನೆ. ಬೀದಿಯ ಬೆಕ್ಕಿಗೂ ತಿಳಿಯುತ್ತದೆ.

ಹದಿನಾರರ ಶನಿವಾರ ಸಂಜೆ 5:30ಕ್ಕೆ ಎಲ್ಪೀದಿಯೊ ತನ್ನ ಮನೆಯಿಂದ 350 ಮೀಟರ್ ದೂರದ ಕ್ಲಬ್ಬಿಗೆ ಮರದ ಗುಂಡು ಉರುಳಿಸುವ ಆಟಕ್ಕೆ ಹೋದನು. ಬ್ಯಾನರ್ ಮನೆಯಲ್ಲಿರುವಾಗ ಹೋಗಬಾರದು. ಆದರೆ ಶನಿವಾರದ ಆಟ ಬಿಟ್ಟು ಅವನಿಗೆ ಇರಲಾಗದು. 5:40ಕ್ಕೆ ನಾನು ಅವನ ಗ್ಯಾರೇಜ್ ತೆರೆದೆ. ಅದರ ಬೀಗದ ಕೈ ಗ್ಯಾಸ್ ಮೀಟರಿನ ಹಿಂದೆ ನೇತಾಡುತ್ತದೆ. ಬಾಗಿಲಿನ ಪರದೆ ಹೊಲಿದು ಕೊಟ್ಟಾಗ ಅವನೇ ತೋರಿಸಿದ್ದ. ಬ್ಯಾನರ್ ಹಳೆಯ ಕ್ಷೌರದ ಕುರ್ಚಿಯ ಮೇಲೆ, ಹೊದಿಕೆ ಹೊದ್ದು ಕುಳಿತಿತ್ತು. ಎತ್ತಿ ಕಾರಿನ ಹಿಂದೆ ಹಾಕಿಕೊಂಡೆ, ಬಾಗಿಲಿಗೆ ಬೀಗ ಹಾಕಿ ಬೀಗದ ಕೈಯನ್ನು ಅದೇ ಮೊಳೆಗೆ ನೇತು ಹಾಕಿದೆ. 5:55ಕ್ಕೆ ಅದು ನನ್ನ ಅಂಗಡಿಯ ಕತ್ತರಿಸುವ ಮೇಜಿನ ಕೆಳಗಿತ್ತು. ಸಂತೋಷವಾಗಿತ್ತು ಎಂದು ಒಪ್ಪಿಕೊಳ್ಳುತ್ತೇನೆ. ಇನ್ನು ಗುಂಪು ಮುರಿಯುತ್ತದೆ, ಗಂಡ ಭಾನುವಾರ ಮನೆಯಲ್ಲಿ ಕೂರುತ್ತಾನೆ ಎಂದು ನಂಬಿದ್ದೆ.

ಅದೇ ಸಂಜೆ 7:30ಕ್ಕೆ ಗಂಡ ಮನೆಗೆ ಬಂದನು. ಮುಖ ಬೂದಿಯಾಗಿತ್ತು. "ಹೋಯ್ತು ಲೋರಿ. ಬ್ಯಾನರ್ ಹೋಯ್ತು. ಮೂರು ಜನ ಮುಖ ಮುಚ್ಕೊಂಡು ನುಗ್ಗಿ ಎಲ್ಪೀದಿಯೊ ಕುತ್ತಿಗೆಗೆ ಚಾಕು ಇಟ್ರಂತೆ. ಮಾತಿನ ಧಾಟಿ ಕಾಸ್ತೆಲ್ ಮೊರೇನೊದ್ದೇ ಅಂತೆ" ಎಂದನು. ಗುಂಡು ಉರುಳಿಸಲು ಹೋಗಿದ್ದೆ ಎಂದು ಹೇಳಿಕೊಳ್ಳಲು ನಾಚಿ, ಎಲ್ಪೀದಿಯೊ ಗುಂಪಿನ ಅರವತ್ತು ಜನರ ಮುಂದೆ ಈ ಕಥೆ ಕಟ್ಟಿದ್ದ. ಏಟು ಬಿತ್ತೇ ಎಂದು ಕೇಳಿದೆ. ಗೀರೂ ಆಗಿಲ್ಲ ಎಂದನು.

"ಹಾಗಾದ್ರೆ ಗರ್ಬೀನೊ ಮುಗೀತಲ್ವಾ? ನಿಮ್ಮ ಕಾನೂನು ಅದೇ ಅಲ್ವಾ?" ಎಂದೆ.

"ಯಾವಾಗ ಮುಗಿಯೋದು? ಅವರ ಗ್ಯಾಲರೀಲಿ ತಲೆಕೆಳಗಾಗಿ ನೇತಾಡಿದಾಗ. ಅಲ್ಲೀವರೆಗೆ ಅದು ಬರೀ ಕಳ್ಳಮಾಲು. ನಾಳೆ ತಗೊಂಡೇ ಬರ್ತಾರೆ, ನಮ್ಮ ಕಣ್ಣೆದುರಿಗೇ ನೇತು ಹಾಕೋದಕ್ಕೆ. ದಾರೀಲೇ ಕಿತ್ಕೋತೀವಿ" ಎಂದನು.

ಇಷ್ಟು ವರ್ಷ ಅವರ ಕಾನೂನನ್ನು ಅಡುಗೆಮನೆಯಲ್ಲಿ ಕೇಳಿದ ನನಗೆ ಈ ಒಂದು ಕಲಮು ಗೊತ್ತಿರಲಿಲ್ಲ. ನಿಲ್ಲಿಸಲು ಮಾಡಿದ ಕೆಲಸವೇ ಅವರಿಗೆ ಕಾರಣ ಒದಗಿಸಿತು. ಮೊದಲು ಹದಿನಾರು ಜನ ಹೋಗುವುದೆಂದಿತ್ತು. ಈಗ ಅರವತ್ತು ಜನ ಹೊರಟಿದ್ದರು. ಆಗಲೇ ಬಾಯಿ ಬಿಡಬೇಕಿತ್ತು. ಬಿಡಲಿಲ್ಲ. ನಝರೇನೊ ಎಂದೂ ನನ್ನ ಮೇಲೆ ಕೈ ಮಾಡಿದವನಲ್ಲ, ಆದರೂ ಹೆದರಿದೆ.

ಹದಿನೇಳರ ಭಾನುವಾರ ಬೆಳಿಗ್ಗೆ 8:10ಕ್ಕೆ ಅವನನ್ನು ಅಂಗಡಿಗೆ ಕರೆದುಕೊಂಡು ಹೋಗಿ, ಮೇಜಿನ ಕೆಳಗಿನ ಹಸಿರು ಬಟ್ಟೆ ಸರಿಸಿ, "ಇಲ್ಲಿದೆ ನೋಡು. ಕದ್ದವಳು ನಾನು" ಎಂದೆ. ಅವನು ಮೊಣಕಾಲೂರಿ ಕುಳಿತು, ಸುರುಳಿ ಬಿಚ್ಚಿ, GARBINO ಎಂಬ ಏಳೂ ಅಕ್ಷರಗಳನ್ನು ಒಂದೊಂದಾಗಿ ಮುಟ್ಟಿ ನೋಡಿದನು. ಯಾರಿಗೆ ಗೊತ್ತು ಎಂದು ಕೇಳಿದನು. ನಿನಗೆ, ನನಗೆ ಎಂದೆ.

"ಎಲ್ಪೀದಿಯೊಗೆ?"

"ತನ್ನ ಕುತ್ತಿಗೆಗೆ ಯಾರೂ ಚಾಕು ಇಡಲಿಲ್ಲ ಅನ್ನೋದು ಗೊತ್ತು ಅವನಿಗೆ. ಅಷ್ಟೇ."

ಅವನು ಒಮ್ಮೆ ನಕ್ಕನು. ಆಮೇಲೆ ಬ್ಯಾನರನ್ನು ಮತ್ತೆ ಸುರುಳಿ ಸುತ್ತಿ ಹಗ್ಗ ಬಿಗಿದನು. ನಂತರ, "ಅರವತ್ತು ಜನ ಕಣ್ಣು ಮುಚ್ಚಿಲ್ಲ ಲೋರಿ. ಅವರ ಮುಂದೆ ನಿಂತು ನನ್ ಹೆಂಡ್ತಿ ಕದ್ದಿದ್ದು ಅನ್ಲಾ?" ಎಂದನು.

"ಅನ್ನು. ನಗ್ತಾರೆ. ನಕ್ಕು ಮನೆಗೆ ಹೋಗ್ತಾರೆ."

"ಆ ನಗು ನಿಲ್ಲಲ್ಲ. ನಾನು ಸತ್ತ ಮೇಲೂ ಈ ಊರು ನಗ್ತಾನೇ ಇರತ್ತೆ."

"ನಗಲಿ ಬಿಡೋ. ನಕ್ಕರೆ ಯಾರೂ ಸಾಯಲ್ಲ" ಎಂದೆ. ಅವನ ತೋಳು ಹಿಡಿದುಕೊಂಡಿದ್ದೆ. ಅವನು ನನ್ನ ಕೈ ಬಿಡಿಸಿ, ಮೆಲ್ಲಗೆ ತಟ್ಟಿ, "ನಾನು ನೋಡ್ಕೋತೀನಿ. ಮಾತಾಡಿ ಬಿಡಿಸ್ಕೊಂಡ್ ಬಂದೆ ಅಂತೀನಿ. ಒಬ್ಬರ ಕೂದಲೂ ಕೊಂಕಲ್ಲ. ನೀನು ಹೋಗಿ ವಿಂಚಿಸ್ಗ್ರಾಸ್ಸಿ ಮಾಡು, ಕೋಳಿ ಲಿವರ್ ಜಾಸ್ತಿ ಹಾಕು" ಎಂದನು.

8:40ಕ್ಕೆ ಬ್ಯಾನರನ್ನು ಐಸ್ ಕಾರ್ಖಾನೆಯ ಬಿಳಿ ವ್ಯಾನಿನಲ್ಲಿ ತಾಡಪಾಲಿನ ಕೆಳಗೆ ಇಟ್ಟನು. ಹದಿನಾರು ಜಾಕೆಟ್‌ಗಳನ್ನೂ ಇಟ್ಟನು. ಮಾತಾಡಲು ಹೋಗುವವನಿಗೆ ಆ ಜಾಕೆಟ್ ಯಾಕೆ ಎಂದು ನಾನು ಕೇಳಬೇಕಿತ್ತು. ಕೇಳಲಿಲ್ಲ. ಮನೆಗೆ ಹೋಗಿ ಆ ಪದರ ಪದರದ ಪಾಸ್ತಾಕ್ಕೆ ಹಿಟ್ಟು ಕಲಸಿದೆ. ನಿಮಗೆ ಫೋನ್ ಮಾಡಲಿಲ್ಲ. ಬ್ಯಾನರ್ ಕೈಯಲ್ಲಿದ್ದ ಮೇಲೆ ಹೊಡೆದಾಡಲು ಕಾರಣವೇ ಇಲ್ಲ ಎಂದುಕೊಂಡೆ. ಕಾರಣ ಹುಡುಕುವವಳು ನಾನು, ಅವರಲ್ಲ. ನನ್ನ ಬುದ್ಧಿಗೆ ಮಂಕು ಕವಿದಿತ್ತು.

ಮಧ್ಯಾಹ್ನ 12:25ಕ್ಕೆ ಊರಿನಿಂದ ಒಂಬತ್ತು ಕಿಲೋಮೀಟರ್ ದೂರದ, ಮುಚ್ಚಿಹೋದ ಪೆಟ್ರೋಲ್ ಬಂಕಿನ ಬಳಿ ಕಾಸ್ತೆಲ್ ಮೊರೇನೊದ ಹನ್ನೊಂದು ಜನರಿದ್ದ ವ್ಯಾನನ್ನು ಗರ್ಬೀನೊದವರು ಅಡ್ಡಗಟ್ಟಿದರು ಎಂದು ನೀವು ಇಂದು ತಿಳಿಸಿದ್ದೀರಿ. ನಾನು ಅಲ್ಲಿರಲಿಲ್ಲ. ಆ ಹೊತ್ತಿಗೆ ಒಲೆಯ ಮುಂದಿದ್ದೆ.

2:15ಕ್ಕೆ, ಪಂದ್ಯ ಶುರುವಾಗಲು ಇನ್ನೂ ಹದಿನೈದು ನಿಮಿಷ ಇರುವಾಗಲೇ, ಮನೆಯಿಂದ 600 ಮೀಟರ್ ದೂರದ ಕ್ರೀಡಾಂಗಣದಿಂದ ದೊಡ್ಡ ಕೂಗು ಕೇಳಿತು. ಗೋಲಿಗೆ ಆಗುವ ಕೂಗು ಏರಿ ಇಳಿಯುತ್ತದೆ, ಇದು ಇಳಿಯಲಿಲ್ಲ. ಬ್ಯಾನರ್ ಮೇಲೇರಿತು ಎಂದು ತಿಳಿಯಿತು. ಕಳೆದದ್ದು ಮರಳಿ ಬಂತೆಂದು ಜನ ಅಳುತ್ತಿದ್ದರು ಎಂದು ಆಮೇಲೆ ಪಕ್ಕದ ಮನೆಯವರು ಹೇಳಿದರು. ನನ್ನ ಗಂಡ 2:45ಕ್ಕೆ ಮತ್ತು 3:45ಕ್ಕೆ ಇಲ್ಲಿಗೆ ಬಂದು ಸಹಿ ಮಾಡಿದ್ದಾನೆ. ಎರಡನ್ನೂ ಈಗ ನನಗೆ ತೋರಿಸಿದ್ದೀರಿ. ಅಕ್ಷರ ಎಲ್ಲೂ ಅಲುಗಿಲ್ಲ.

4:20ಕ್ಕೆ ಅವನು ಮನೆಗೆ ಬಂದನು. ಬಲಗೈ ಊದಿಕೊಂಡಿತ್ತು. ದಿನವಿಡೀ ಐಸ್ ಒಡೆಯುವವನ ಕೈಗೆ ನಾನು ಐಸ್ ಇಟ್ಟೆ. ಎಡಗೈಯಲ್ಲಿ ಎರಡು ತಟ್ಟೆ ಊಟ ಮಾಡಿ, "ಲಿವರ್ ಹದವಾಗಿದೆ" ಎಂದನು. ನಂತರ, "ಸಿಕ್ತು ಲೋರಿ. ಅವರ ವ್ಯಾನಿನ ಸೀಟಿನ ಕೆಳಗೆ ಮಡಚಿಟ್ಟಿದ್ರು ನನ್ಮಕ್ಳು" ಎಂದನು.

ಅಡುಗೆಮನೆಯಲ್ಲಿ ನಾವಿಬ್ಬರೇ ಇದ್ದೆವು. ಬಾಗಿಲು ಹಾಕಿತ್ತು. "ಯಾರಿಗೆ ಹೇಳ್ತಿದೀಯ ನಝರೇ? ಇಲ್ಲಿರೋದು ನಾನೊಬ್ಬಳೇ" ಎಂದೆ.

ಅವನು ಕಣ್ಣು ತಪ್ಪಿಸದೆ, "ಅದಕ್ಕೇ ನಿನಗೆ ಹೇಳ್ತಿರೋದು. ಕಲಿತ್ಕೋ" ಎಂದನು.

ಅಷ್ಟು ವರ್ಷ ಒಂದೇ ಹಾಸಿಗೆಯಲ್ಲಿ ಮಲಗಿದ ಮನುಷ್ಯನ ಬಗ್ಗೆ ಅಂದು ಮೊದಲ ಬಾರಿಗೆ ನನಗೆ ಅಸಹ್ಯವಾಯಿತು. ತಟ್ಟೆ ತೊಳೆದೆ. ಯಾರಿಗಾದರೂ ಪೆಟ್ಟಾಯಿತೇ ಎಂದು ಕೇಳಿದೆ. "ವಾದ್ಯಗೋಷ್ಠಿ ಅಂದ್ಮೇಲೆ ಯಾರೋ ಒಬ್ಬನ ಡೋಲು ಹರಿಯತ್ತೆ" ಎಂದು ಎದ್ದು ಹೋದನು.

ಹದಿನೆಂಟರ ಸೋಮವಾರ ಬೆಳಿಗ್ಗೆ ರೇಡಿಯೋದಲ್ಲಿ ಹೆಸರು ಬಂತು. ರುಜ್ಜೇರೊ ತ್ರಾವಾಲಿನಿ, 33 ವರ್ಷ, ಕಾಸ್ತೆಲ್ ಮೊರೇನೊದಲ್ಲಿ ಗ್ಯಾಸ್ ಒಲೆ ರಿಪೇರಿ ಮಾಡುವವನು, ತಲೆಗೆ ಪೆಟ್ಟು, ಪ್ರಜ್ಞೆ ಇಲ್ಲ. 10:15ಕ್ಕೆ ಎಲ್ಪೀದಿಯೊ ನನ್ನ ಅಂಗಡಿಗೆ ಬಂದನು. ಗಡ್ಡ ಬೋಳಿಸಿರಲಿಲ್ಲ. ಸ್ಟೂಲಿನ ಮೇಲೆ ಕುಳಿತು ಕೈ ಹೊಸೆಯುತ್ತ, "ನಿನ್ ಹತ್ರ ಒಂದು ಮಾತು ಹೇಳ್ತೀನಮ್ಮ, ನಝರೇನೊಗೆ ಹೇಳ್ಬೇಡ. ಅವತ್ತು ಯಾರೂ ಬರಲಿಲ್ಲ. ಚಾಕುನೂ ಇಲ್ಲ, ಏನೂ ಇಲ್ಲ. ನಾನು ಆಟಕ್ಕೆ ಹೋಗಿದ್ದೆ. ಬಂದು ನೋಡ್ತೀನಿ, ಕುರ್ಚಿ ಖಾಲಿ. ಬಾಯಿಗೆ ಬಂದದ್ದು ಹೇಳ್ಬಿಟ್ಟೆ" ಎಂದನು. ಆಮೇಲೆ ಮುಖ ಅರಳಿಸಿ, "ಆದ್ರೆ ನೋಡು, ಅವರ ಹತ್ರಾನೇ ಸಿಕ್ತು! ನಾನು ಹೇಳಿದ್ದು ಸುಳ್ಳಾದ್ರೂ ನಿಜಾನೇ ಆಯ್ತಲ್ಲ. ದೇವರು ದೊಡ್ಡೋನು" ಎಂದನು.

ನಾನು, "ಮನೆಗೆ ಹೋಗು ಎಲ್ಪೀದಿಯೊ" ಎಂದೆ. ಆ ಮುದುಕನ ಮೇಲೆ ನನಗೆ ಸಿಟ್ಟಿಲ್ಲ. ಅವನ ಸುಳ್ಳು ಭಯದ್ದು. ಅದನ್ನು ಭಾನುವಾರ ಬೆಳಿಗ್ಗೆ ಒಂದೇ ಮಾತಿನಲ್ಲಿ ಸಾಯಿಸಬಹುದಾಗಿದ್ದವನು ಬೇರೆ ಇದ್ದ.

ಇಂದು ಬೆಳಿಗ್ಗೆ 9:30ಕ್ಕೆ ನಿಮ್ಮ ಕಡೆಯವರು ಮನೆಗೆ ಬಂದು, ನನ್ನನ್ನು ಕರೆದು, ಬಂಕಿನ ಬಳಿ ಸಿಕ್ಕ ಕಪ್ಪು ಜಾಕೆಟ್ ತೋರಿಸಿ, ಅದರ ಒಳಜೇಬಿನ ಹೊಲಿಗೆ ಯಾರದು ಎಂದು ಕೇಳಿದರು. ಜೋಡಿ ಹೊಲಿಗೆ, ಕ್ಯಾನ್ವಾಸ್ ದಾರ, ನನ್ನದೇ ಎಂದೆ. ಠಾಣೆಗೆ ಬಂದ ಮೇಲೆ, ಹೆಂಡತಿಯಾದ್ದರಿಂದ ಗಂಡನ ವಿರುದ್ಧ ಹೇಳಿಕೆ ಕೊಡದೆ ಇರುವ ಹಕ್ಕು ನನಗಿದೆ ಎಂದು ಅಧಿಕಾರಿಗಳು ಎರಡು ಸಲ ತಿಳಿಸಿದರು. ಅರ್ಥವಾಗಿದೆ. ಸ್ವಂತ ಇಚ್ಛೆಯಿಂದ ಹೇಳುತ್ತಿದ್ದೇನೆ.

ಇದಾದ ಮೇಲೆ ನನಗೆ ಯಾರೋ ಮೊಬೈಲಿನಲ್ಲಿ ತೆಗೆದ 48 ಸೆಕೆಂಡಿನ ವಿಡಿಯೋ ತೋರಿಸಲಾಯಿತು. ಅದರಲ್ಲಿ ನಿಂತವರೆಲ್ಲರ ಮುಖ ಮುಚ್ಚಿದೆ. ನೆಲದ ಮೇಲೆ ಒಬ್ಬ ಬಿದ್ದಿದ್ದಾನೆ. ಅವನು ರುಜ್ಜೇರೊ ಎಂದು ನೀವು ಹೇಳಿದಿರಿ. ಒಂದು ಧ್ವನಿ ಅವನನ್ನು "ಬ್ಯಾನರ್ ಎಲ್ಲಿ?" ಎಂದು ಕೇಳುತ್ತದೆ. ಅವನು, "ಯಾವ ಬ್ಯಾನರ್? ನಂಗೊತ್ತಿಲ್ಲಣ್ಣ" ಎನ್ನುತ್ತಾನೆ. ಏಟಿನ ಶಬ್ದ. ಮತ್ತೆ ಅದೇ ಪ್ರಶ್ನೆ. ನಾನು ಎಣಿಸಿದ್ದೇನೆ, ಒಂಬತ್ತು ಸಲ ಕೇಳಲಾಗಿದೆ. ಎಂಟು ಸಲ ಅವನು ಗೊತ್ತಿಲ್ಲ ಎಂದಿದ್ದಾನೆ. ಅವನು ಹೇಳಿದ್ದು ಸತ್ಯ. ಕೇಳುತ್ತಿದ್ದವನಿಗೂ ಅದು ಸತ್ಯವೆಂದು ಗೊತ್ತಿತ್ತು. ಬ್ಯಾನರ್ ಆ ಕೇಳುವವನ ಬೆನ್ನ ಹಿಂದೆ ಕಾಣುವ, ಐಸ್ ಕಾರ್ಖಾನೆಯ ಬಿಳಿ ವ್ಯಾನಿನಲ್ಲೇ ಇತ್ತು. ಒಂಬತ್ತನೇ ಸಲಕ್ಕೆ ರುಜ್ಜೇರೊ, "ಇದೆ, ನಮ್ ಹತ್ರಾನೇ ಇದೆ, ಸೀಟಿನ ಕೆಳಗಿದೆ, ಬಿಟ್ಬಿಡಿ" ಎನ್ನುತ್ತಾನೆ. ಆಗ ಆ ಧ್ವನಿ ಸುತ್ತ ನಿಂತವರ ಕಡೆ ತಿರುಗಿ, "ಕೇಳಿಸ್ತಾ?" ಎನ್ನುತ್ತದೆ. ಎಲ್ಲರೂ ಒಟ್ಟಿಗೆ ಹೂಂಗುಟ್ಟುತ್ತಾರೆ. ಆಮೇಲೆ ಇನ್ನೆರಡು ಏಟು ಬೀಳುತ್ತವೆ. ಅಲ್ಲಿಗೆ ವಿಡಿಯೋ ಮುಗಿಯುತ್ತದೆ.

ಬ್ಯಾನರ್ ಕದ್ದವಳು ನಾನು. ಹನ್ನೆರಡು ಜೇಬು ಹೊಲಿದವಳು ನಾನು. ಅದಕ್ಕೆ ಬರುವ ಶಿಕ್ಷೆ ಬರಲಿ. ರುಜ್ಜೇರೊಗೆ ಇದುವರೆಗೆ ಎಚ್ಚರವಾಗಿಲ್ಲ ಎಂದು ತಿಳಿಸಿದ್ದೀರಿ. ಅವನು ಕಳ್ಳನಲ್ಲ, ಅವನ ಊರಿನವರು ಯಾರೂ ಕದಿಯಲಿಲ್ಲ ಎಂಬುದನ್ನು ಅವನ ತಾಯಿಗೆ ತಿಳಿಸಬೇಕೆಂದು ಕೋರುತ್ತೇನೆ.

ಈ ಹೇಳಿಕೆಯನ್ನು ನನಗೆ ಮೊದಲಿನಿಂದ ಕೊನೆಯವರೆಗೆ ಓದಿ ಹೇಳಲಾಯಿತು. ಯಾರ ಒತ್ತಾಯವೂ ಇಲ್ಲದೆ, ಕಂಡದ್ದನ್ನು ಕಂಡಂತೆ, ಮಾಡಿದ್ದನ್ನು ಮಾಡಿದಂತೆ ಹೇಳಿದ್ದೇನೆ. ಒಂದು ತಿದ್ದುಪಡಿ ಮಾಡಿಸಿದ್ದೇನೆ: ಕರಡಿನಲ್ಲಿ 'ವಿಡಿಯೋದಲ್ಲಿ ಪ್ರಶ್ನೆ ಕೇಳುವ ಧ್ವನಿ ನನ್ನ ಗಂಡನದು ಇರಬಹುದು' ಎಂದು ಬರೆದಿದ್ದರು. 'ಇರಬಹುದು' ಎಂಬುದನ್ನು ಹೊಡೆದು ಹಾಕಿಸಿದ್ದೇನೆ. ಆ ಧ್ವನಿ ನನ್ನ ಗಂಡ ನಝರೇನೊ ಬಾಲ್ಡೊನಿಯದು.

ಸ್ಥಳ: ಪೋರ್ತೊ ಸಾನ್ ವಿಚೀನೊ ಪೊಲೀಸ್ ಠಾಣೆ
ದಿನಾಂಕ: 19-11-2019, ಮಧ್ಯಾಹ್ನ 1:50
ಸಹಿ: ಲೊರೇದಾನಾ ಪಿಯೆರಾಂತೊನಿ